ಫಾರಿನ್ನಲ್ಲಿ ಬಿಸಿನೆಸ್ ವೀಸಾ: ಪಾಸ್‌ಪೋರ್ಟ್‌ಗಿಂತ ಮುಂಚೆ ಪಹಣಿ ತೆಗೀರಿ

ಶಾಟ್: ಶ್ರೀನಿವಾಸಪುರ ಮಾವಿನ ಮಂಡಿ, ಬೆಳಗ್ಗೆ. ಹಿಂದುಗಡೆ ಟೆಂಪೋದಿಂದ ಕ್ರೇಟ್ ಇಳಿಸ್ತಿದಾರೆ.

ನಮಸ್ಕಾರ ಎಲ್ರಿಗೂ. ಹಿಂದ್ಗಡೆ ಗಲಾಟೆ ಜಾಸ್ತಿ ಅಂತ ಬೈಕೋಬೇಡಿ, ತೋತಾಪುರಿ ಸೀಸನ್ನು, ಹರಾಜು ಶುರುವಾಯ್ತು ಅಂದ್ರೆ ನಾನ್ ಮಾತಾಡೋದು ನನಗೇ ಕೇಳ್ಸಲ್ಲ, ಅದ್ಕೆ ಅಷ್ಟರೊಳಗೆ ಹೇಳಿ ಮುಗಿಸ್ತೀನಿ.

ವಿಷಯ ಏನಪ್ಪಾ ಅಂದ್ರೆ, 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲೆಯವ್ರು ಕರ್ನಾಟಕದ ತೋತಾಪುರಿ ನಮ್ಮ ಕಡೆ ಬರಂಗಿಲ್ಲ ಅಂತ ತಡೆದ್ರು ನೋಡಿ, ಪಲ್ಪ್ ಫ್ಯಾಕ್ಟರಿಗಳು ಜಾಸ್ತಿ ಇರೋದು ಆ ಕಡೆನೇ, ನಮ್ಮೋರ್ ಹಣ್ಣಿಗೆ ರೇಟೇ ಇಲ್ದಂಗಾಯ್ತು, ಶ್ರೀನಿವಾಸಪುರ ಬಂದ್ ಕೂಡ ಮಾಡಿದ್ರು. ಅವತ್ತಿಂದ ನನಗೆ ಬರೋ ಹತ್ತು ಮೆಸೇಜಲ್ಲಿ ಮೂರು ಇದೇ: "ಅಣ್ಣಾ, ನಾವೇ ಪಲ್ಪ್ ಮಾಡ್ಸಿ ದುಬೈಗೆ ಕಳ್ಸಿ ಅಲ್ಲೇ ಒಂದ್ ಕಂಪನಿ ಓಪನ್ ಮಾಡಿದ್ರೆ ಹೆಂಗೆ, ವೀಸಾಗೆ ಎಷ್ಟಾಗುತ್ತೆ?"

ಎಷ್ಟಾಗುತ್ತೆ ಅನ್ನೋದು ಆಮೇಲೆ. ನಾನು ನಮ್ ದೊಡ್ಡಮ್ಮನ ಮಗ ಸೇರಿ ಈ ಕೆಲ್ಸ ಮಾಡಿದೀವಿ, ಅಣ್ಣ ಅಲ್ಲಿದಾನೆ ನಾನ್ ಇಲ್ಲಿದೀನಿ, ಅವನ್ದು ಅರವತ್ತು ಪರ್ಸೆಂಟು ನನ್ದು ನಲವತ್ತು. ನಮ್ ಅನುಭವದಲ್ಲಿ ವೀಸಾನೇ ಎಲ್ಲಕ್ಕಿಂತ ಸುಲಭವಾಗಿ ಬಂದಿದ್ದು. ಒದ್ದಾಡಿದ್ದು ದುಡ್ಡಿನ ಕಾಗದಕ್ಕೆ. ಇಲ್ಲಿಂದ ದುಡ್ಡು ಯಾವ ಹೆಸರಲ್ಲಿ ಹೋಯ್ತು, ಅದು ನಿಮ್ ಹತ್ರ ಹೆಂಗ್ ಬಂತು, ಇದಕ್ಕೆ ಉತ್ರ ಇಲ್ದೆ ಯಾವ ದೇಶಕ್ಕೆ ಅರ್ಜಿ ಹಾಕಿದ್ರೂ ಒಂದ್ ಕಡೆ ಸಿಕ್ಕಾಕೊಳ್ತೀರ.

ಫಸ್ಟು ಒಂದ್ ಕನ್‌ಫ್ಯೂಷನ್ ತೆಗೆದಾಕಣ. ಕಂಪನಿ ರಿಜಿಸ್ಟರ್ ಆಗೋದೇ ಬೇರೆ, ವೀಸಾನೇ ಬೇರೆ. ಕೋಲಾರದಲ್ಲಿ ಕೂತ್ಕೊಂಡೇ ಇಂಗ್ಲೆಂಡಲ್ಲಿ ಲಿಮಿಟೆಡ್ ಕಂಪನಿ ಮಾಡ್ಬೋದು, ಅಮೆರಿಕದ ಡೆಲವೇರ್ ರಾಜ್ಯದಲ್ಲಿ ಎಲ್‌ಎಲ್‌ಸಿ ಅನ್ನೋ ತರದ ಕಂಪನಿ ಮಾಡ್ಬೋದು, ಎಸ್ಟೋನಿಯಾದವ್ರು 2014ರಿಂದ ಇ-ರೆಸಿಡೆನ್ಸಿ ಅಂತ, ಆನ್‌ಲೈನಲ್ಲೇ ಕಂಪನಿ ನಡೆಸೋಕೆ ಡಿಜಿಟಲ್ ಐಡಿ ಕಾರ್ಡೇ ಕೊಡ್ತಾರೆ. ಇದ್ಯಾವ್ದೂ ನಿಮ್ಮನ್ನ ಆ ದೇಶದೊಳಗೆ ಬಿಡಲ್ಲ. ರೀಲ್ಸಲ್ಲಿ "ಎರಡೇ ದಿನದಲ್ಲಿ ಯುಕೆ ಕಂಪನಿ" ಅಂತ ತೋರ್ಸೋರು ಸುಳ್ಳೇನ್ ಹೇಳಲ್ಲ, ಅರ್ಧ ಹೇಳ್ತಾರೆ ಅಷ್ಟೆ. ಅದೇ ತರ ವಿಸಿಟ್ ವೀಸಾ. ಹೋಗಿ ಮೀಟಿಂಗ್ ಮಾಡ್ಬೋದು, ಪಾರ್ಟಿ ಹತ್ರ ರೇಟ್ ಮಾತಾಡ್ಬೋದು, ಎಕ್ಸಿಬಿಷನ್ ನೋಡ್ಬೋದು, ಆದ್ರೆ ಅಂಗಡಿ ಬಾಗ್ಲು ತೆಗ್ದು ಗಲ್ಲಾದಲ್ಲಿ ಕೂತ್ಕೊಳ್ಳಂಗಿಲ್ಲ.

ಈಗ ಯಾವ ದೇಶ ಅಂತ. ಒಂದೊಂದು ದೇಶ ಒಂದೊಂದು ನೋಡುತ್ತೆ. ಅಮೆರಿಕ ನಿಮ್ ಗಂಟು ನೋಡುತ್ತೆ. ಅಲ್ಲಿ ಇ-2 ಅಂತ ಒಂದ್ ವೀಸಾ ಇದೆ, ಕಮ್ಮಿ ದುಡ್ಡಲ್ಲಿ ಬಿಸಿನೆಸ್ ಮಾಡೋಕೆ ಹೇಳಿ ಮಾಡ್ಸಿದಂಗಿದೆ, ಆದ್ರೆ ಅದು ಒಪ್ಪಂದ ಇರೋ ದೇಶದವ್ರಿಗೆ ಮಾತ್ರ, ಆ ಲಿಸ್ಟಲ್ಲಿ ಭಾರತ ಇಲ್ಲ. ಅದ್ಕೆ ಏಜೆಂಟ್‌ಗಳು ಆ ಲಿಸ್ಟಲ್ಲಿರೋ ಗ್ರೆನಡಾ ಅನ್ನೋ ಪುಟ್ಟ ದ್ವೀಪ ದೇಶದ ಪೌರತ್ವ ತಗೊಂಡು ಅಲ್ಲಿಂದ ಇ-2 ಹಾಕಿ ಅಂತ ಐಡಿಯಾ ಕೊಡ್ತಾರೆ. ಬೇರೆ ದೇಶದ ಪೌರತ್ವ ತಗೊಂಡ ದಿನನೇ ನಮ್ ಪೌರತ್ವ ಹೋಗುತ್ತೆ, ಮೇಲಾಗಿ ದುಡ್ಡು ಕೊಟ್ಟು ಪೌರತ್ವ ತಗೊಂಡೋರು ಆ ದೇಶದಲ್ಲಿ ಮೂರು ವರ್ಷ ನೆಲೆಸಿರ್ಬೇಕು ಅಂತ ಅಮೆರಿಕದವ್ರು 2022ರ ಕೊನೆಗೆ ಕಾನೂನೇ ಮಾಡಿದ್ರು. ಈ ಎರಡನೇದನ್ನ ಯಾವ ಏಜೆಂಟೂ ಬಾಯ್ಬಿಡಲ್ಲ. ಇನ್ನು ಇಬಿ-5, ದುಡ್ಡು ಹೂಡಿ ಗ್ರೀನ್ ಕಾರ್ಡ್ ತಗೊಳ್ಳೋ ದಾರಿ, ಕಮ್ಮಿ ಅಂದ್ರೂ 8 ಲಕ್ಷ ಡಾಲರ್ ಹಾಕಿ ಹತ್ತು ಜನಕ್ಕೆ ಕೆಲ್ಸ ಕೊಡ್ಬೇಕು. ನಮ್ ಲೆಕ್ಕದಲ್ಲಿ ಏಳು ಕೋಟಿ ಹತ್ತಿರ, ಅಷ್ಟಿದ್ರೆ ನೀವ್ ಈ ವಿಡಿಯೋ ನೋಡ್ತಿರಲಿಲ್ಲ ಬಿಡಿ. ಇಲ್ಲಿ ಕಂಪನಿ ಚೆನ್ನಾಗಿ ನಡೀತಿದೆ, ಅಲ್ಲೊಂದು ಬ್ರಾಂಚ್ ಬೇಕು ಅನ್ನೋರಿಗೆ ಎಲ್-1ಎ ಇದೆ, ಹೊಸ ಆಫೀಸಾದ್ರೆ ಮೊದ್ಲು ಒಂದೇ ವರ್ಷ ಕೊಡ್ತಾರೆ, ಆಮೇಲೆ ಏನ್ ಮಾಡಿದೀರ ತೋರ್ಸಿ ಅಂತಾರೆ.

ಇಂಗ್ಲೆಂಡ್ ನಿಮ್ ಐಡಿಯಾ ನೋಡುತ್ತೆ. ಇನ್ನೊವೇಟರ್ ಫೌಂಡರ್ ಅಂತ ವೀಸಾ, 2023ರ ಏಪ್ರಿಲ್‌ನಲ್ಲಿ ಬಂದಿದ್ದು. ಮುಂಚೆ 50 ಸಾವಿರ ಪೌಂಡ್ ತೋರಿಸ್ಬೇಕಿತ್ತು, ಅದನ್ನ ತೆಗೆದ್ರು. ತೆಗೆದ್ರು ಅಂತ ಖುಷಿಪಡ್ಬೇಡಿ, ಯಾಕಂದ್ರೆ ಸರ್ಕಾರ ಒಪ್ಪಿರೋ ಎಂಡಾರ್ಸಿಂಗ್ ಬಾಡಿ ಅಂತ ಬೆರಳೆಣಿಕೆ ಸಂಸ್ಥೆ ಇದಾವೆ, ಅವ್ರು ನಿಮ್ ಪ್ಲಾನ್ ಓದಿ ಇದು ಹೊಸದು, ನಡೆಯುತ್ತೆ, ಬೆಳೆಯುತ್ತೆ ಅಂತ ಪತ್ರ ಕೊಟ್ರೆ ಮಾತ್ರ ಮುಂದೆ. ಪ್ಲಾನ್ ನೋಡೋಕೇ 1,000 ಪೌಂಡ್, ಆಮೇಲೆ ಮಧ್ಯೆ ಎರಡ್ಸಲ ಕರ್ದು ಹೆಂಗ್ ನಡೀತಿದೆ ಅಂತ ಕೇಳೋಕೆ ಸಲಕ್ಕೆ 500. ಆರೋಗ್ಯಕ್ಕೆ ಅಂತ ವರ್ಷಕ್ಕೆ 1,035 ಪೌಂಡ್, ಮೂರ್ ವರ್ಷದ್ದೂ ಒಂದೇ ಸಲ ಕಟ್ಬೇಕು, ಅಲ್ಲಿಗೇ ಮೂರು ಲಕ್ಷ ರೂಪಾಯಿ ದಾಟ್ತು, ವೀಸಾ ಫೀ ಬೇರೆ. ಖರ್ಚಿಗೆ 1,270 ಪೌಂಡ್ ಅಕೌಂಟಲ್ಲಿ 28 ದಿನ ಅಲ್ಲಾಡ್ದೆ ಇರ್ಬೇಕು, ಹಿಂದಿನ ದಿನ ಮಾವನ ಹತ್ರ ಕೈಸಾಲ ತಗೊಂಡು ಹಾಕಿದ್ರೆ ಆಗಲ್ಲ. ಇಂಗ್ಲಿಷ್ ಬಿ2 ಲೆವೆಲ್, ಟಿಬಿ ಟೆಸ್ಟು. ಇಷ್ಟೆಲ್ಲ ಆಗಿ ಮೂರ್ ವರ್ಷ ಗಟ್ಟಿಯಾಗಿ ನಡೆಸಿದ್ರೆ ಅಲ್ಲೇ ಪರ್ಮನೆಂಟಾಗಿ ಇರೋಕೆ ಅರ್ಜಿ ಹಾಕ್ಬೋದು, ಅದೇ ಇದರ ಆಕರ್ಷಣೆ.

ಮುಳಬಾಗಿಲಿಂದ ಒಬ್ರು ಕೇಳಿದ್ರು, ನಮ್ಮೂರ್ ದೋಸೆ ಫೇಮಸ್ಸು, ಲಂಡನ್ನಲ್ಲಿ ಒಂದ್ ಹೋಟ್ಲು ಇಟ್ರೆ ಈ ವೀಸಾ ಸಿಗುತ್ತಾ ಅಂತ. ಸರ್, ದೋಸೆ ಮೇಲೆ ನನಗೂ ಅಭಿಮಾನ ಇದೆ, ಆದ್ರೆ ಅವ್ರ ಕಣ್ಣಿಗೆ ಅದು ಇನ್ನೊಂದ್ ಹೋಟ್ಲು. ಹೊಸದು ಅನ್ಸೋದು ಏನೋ ಇರ್ಬೇಕು.

ಹಳೇ ವಿಡಿಯೋ ನಂಬಿ ಕೂರ್ಬೇಡಿ, ಇದನ್ನೂ ಹೇಳ್ಬೇಕು. ಕೆನಡಾ ಸ್ಟಾರ್ಟಪ್ ವೀಸಾ ಅಂತ 2013ರಿಂದ ನಡೀತಿತ್ತು, 2025ರ ಡಿಸೆಂಬರ್ ಕೊನೆಗೆ ಹೊಸಬ್ರ ಅರ್ಜಿ ನಿಲ್ಲಿಸಿಬಿಟ್ರು. ಜಪಾನಲ್ಲಿ 50 ಲಕ್ಷ ಯೆನ್ ಬಂಡವಾಳ ಇದ್ರೆ ಸಾಕಿತ್ತು, 2025ರ ಅಕ್ಟೋಬರ್‌ನಿಂದ 3 ಕೋಟಿ ಯೆನ್. ಒಂದೇ ಏಟಿಗೆ ಆರ್ ಪಟ್ಟು. ಆದ್ರೆ ಇಂಟರ್ನೆಟ್ ತುಂಬ ಇನ್ನೂ 50 ಲಕ್ಷದ ವಿಡಿಯೋಗಳೇ ಓಡ್ತಾ ಇದಾವೆ.

ಶಾಟ್: ಮಂಡಿ ಒಳಗೆ, ನೆಲದ ಮೇಲೆ ಹುಲ್ಲು, ಹಣ್ಣಿನ ರಾಶಿ.

ದುಬೈ. ನಮ್ಮೋರಿಗೆ ಇದೇ ಹತ್ರ, ಇದೇ ಅಗ್ಗ, ಮೋಸನೂ ಇಲ್ಲೇ ಜಾಸ್ತಿ. ಇಲ್ಲಿ ಲೈಸೆನ್ಸ್ ತಗೊಂಡ್ರೆ ಅದರ ಬೆನ್ನಿಗೆ ವೀಸಾ ಬರುತ್ತೆ. ಹೆಸರು ಬುಕ್ ಮಾಡೋದು, ಲೈಸೆನ್ಸು, ಕಂಪನಿ ಹೆಸರಲ್ಲಿ ವೀಸಾ ಹಾಕೋಕೆ ಬೇಕಾದ ಎಸ್ಟಾಬ್ಲಿಷ್‌ಮೆಂಟ್ ಕಾರ್ಡು, ನಿಮಗೆ ಎಂಟ್ರಿ ಪರ್ಮಿಟ್ಟು, ಹೋದ್ಮೇಲೆ ರಕ್ತ ಪರೀಕ್ಷೆ ಎದೆ ಎಕ್ಸ್‌ರೇ, ಬೆರಳಚ್ಚು ಕೊಟ್ಟು ಎಮಿರೇಟ್ಸ್ ಐಡಿ ಅಂತ ಅಲ್ಲಿನ ಗುರುತಿನ ಕಾರ್ಡು, ಮುಗೀತು, ಪಾರ್ಟ್‌ನರ್ ವೀಸಾ ಎರಡು ವರ್ಷಕ್ಕೆ. ಫ್ರೀ ಜೋನ್ ಅಥವಾ ಮೇನ್‌ಲ್ಯಾಂಡ್ ಅನ್ನೋದನ್ನ ಮಾತ್ರ ಮೊದ್ಲೇ ಯೋಚ್ನೆ ಮಾಡಿ. ಫ್ರೀ ಜೋನ್ ಅಂದ್ರೆ ಕಂಪನಿಗಳಿಗೆ ಅಂತ ಬೇರೆ ರೂಲ್ಸ್ ಇಟ್ಟು ಮೀಸಲಿಟ್ಟಿರೋ ಜಾಗ, ಮೇನ್‌ಲ್ಯಾಂಡ್ ಅಂದ್ರೆ ಮಿಕ್ಕ ಊರು. ಫ್ರೀ ಜೋನ್ ಅಗ್ಗ, ಆದ್ರೆ ಅಲ್ಲಿಂದ ನೇರವಾಗಿ ಊರೊಳಗಿನ ಅಂಗಡಿಗಳಿಗೆ ಬರೀ ಆ ಲೈಸೆನ್ಸಿಟ್ಕೊಂಡು ಮಾಲು ಹಾಕಂಗಿಲ್ಲ, ಮಧ್ಯೆ ಡಿಸ್ಟ್ರಿಬ್ಯೂಟರ್ ಬೇಕು, ಇಲ್ಲಾಂದ್ರೆ ಮೇನ್‌ಲ್ಯಾಂಡಿಗೆ ಅಂತ ಬೇರೆ ಪರ್ಮಿಟ್ ತಗೋಬೇಕು. ಮೇನ್‌ಲ್ಯಾಂಡಲ್ಲಿ ಲೋಕಲ್ ಅರಬ್ಬಿಗೆ 51 ಪರ್ಸೆಂಟ್ ಕೊಡ್ಬೇಕು ಅನ್ನೋದು ಹಳೇ ಕಥೆ, 2021ರ ಜೂನ್‌ನಿಂದ ಹೆಚ್ಚಿನ ವ್ಯಾಪಾರಗಳಿಗೆ ಪೂರ್ತಿ ನಿಮ್ದೇ ಇರ್ಬೋದು.

ನಮಗೇನಾಯ್ತು ಅಂದ್ರೆ, ಬೆಂಗಳೂರಲ್ಲಿ ಒಬ್ಬ ಕನ್ಸಲ್ಟೆಂಟು, ಹೆಸರು ಬೇಡ, ಪ್ಯಾಕೇಜ್ ಅಂತ ದುಡ್ಡು ಇಸ್ಕೊಂಡು ಲೈಸೆನ್ಸ್ ಮಾಡ್ಸಿಕೊಟ್ಟ. ಅಣ್ಣ ವಾಟ್ಸಾಪಲ್ಲಿ ಫೋಟೋ ಕಳ್ಸಿದ, ನಾನೂ ಸ್ಟೇಟಸ್ ಹಾಕ್ಕೊಂಡೆ, ಎಲ್ರೂ ಕಂಗ್ರಾಟ್ಸ್. ಎರಡು ವಾರ ಆದ್ಮೇಲೆ ಜೂಮ್ ಮಾಡಿ ಓದಿದ್ರೆ ಆಕ್ಟಿವಿಟಿ ಅನ್ನೋ ಕಡೆ ಮಾರ್ಕೆಟಿಂಗ್ ಕನ್ಸಲ್ಟೆನ್ಸಿ ಅಂತಿದೆ! ನಾವು ತರ್ಬೇಕಿರೋದು ಮಾವಿನ ಪಲ್ಪು ಹುಣಸೆಹಣ್ಣು, ಅಂಥ ಲೈಸೆನ್ಸಿಟ್ಕೊಂಡು ಒಂದ್ ಡಬ್ಬ ಇಳ್ಸೋಕಾಗಲ್ಲ. ಕೇಳಿದ್ರೆ "ಅದು ಕಮ್ಮಿ ರೇಟಲ್ಲಿ ಬರುತ್ತೆ ಸಾರ್, ಆಮೇಲೆ ಚೇಂಜ್ ಮಾಡ್ಕೋಬೋದು" ಅಂದ. ಚೇಂಜ್ ಮಾಡ್ಕೊಂಡ್ವಿ, ಮತ್ತೆ ದುಡ್ಡು ಕಟ್ಟಿ. ಅದ್ಕೆ ಫುಡ್‌ಸ್ಟಫ್ ಟ್ರೇಡಿಂಗ್ ಅಂತ ಬಿದ್ದಿದ್ಯಾ ಅಂತ ಡ್ರಾಫ್ಟಲ್ಲೇ ಓದಿ, ಆಮೇಲೆ ಸೈನ್ ಹಾಕಿ.

ಆ ಮನುಷ್ಯನ ಎರಡನೇ ಸಲಹೆ ಇನ್ನೂ ಚೆನ್ನಾಗಿತ್ತು. ನನ್ನ ಪಾಲಿನ ದುಡ್ಡು ಇಲ್ಲಿಂದ ಕಳಿಸ್ಬೇಕಲ್ಲ, "ಫ್ಯಾಮಿಲಿ ಖರ್ಚಿಗೆ ಅಂತ ಬರ್ದು ಹಾಕ್ಬಿಡಿ ಸಾರ್, ಯಾರೂ ಕೇಳಲ್ಲ" ಅಂದ. ಸರಿ ಅಂತ ಬ್ಯಾಂಕಿಗೆ ಹೋದೆ, ಕೋಲಾರದಲ್ಲೇ. ಹೊರದೇಶಕ್ಕೆ ದುಡ್ಡು ಕಳಿಸೋಕೆ ಕೊಡೋ ಎ-2 ಫಾರಂ ತುಂಬಿ ಕೊಟ್ಟೆ. ಕೌಂಟರಲ್ಲಿದ್ದ ಮೇಡಂ ನೋಡಿದ್ರು.

"ಇವ್ರು ನಿಮಗೆ ಏನಾಗ್ಬೇಕು?"

"ಅಣ್ಣ ಮೇಡಂ."

"ಸ್ವಂತ ಅಣ್ಣನಾ?"

"ಸ್ವಂತನೇ ಮೇಡಂ, ದೊಡ್ಡಮ್ಮನ ಮಗ."

ಮೇಡಂ ನಕ್ಬಿಟ್ರು. ನಮ್ ಕಡೆ ದೊಡ್ಡಮ್ಮನ ಮಗ ಅಂದ್ರೆ ಸ್ವಂತ ಅಣ್ಣನೇ, ಒಂದೇ ತಟ್ಟೇಲಿ ಉಂಡು ಬೆಳ್ದಿರ್ತೀವಿ. ಆದ್ರೆ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಸಂಬಂಧಿ ಅಂದ್ರೆ ಕಂಪನಿ ಕಾಯ್ದೆಲಿ ಬರ್ದಿರೋ ಪಟ್ಟಿ, ಅಪ್ಪ ಅಮ್ಮ ಹೆಂಡ್ತಿ ಮಕ್ಳು ಸೊಸೆ ಅಳಿಯ ಒಡಹುಟ್ಟಿದೋರು, ಅದರಲ್ಲಿ ದೊಡ್ಡಮ್ಮನ ಮಗ ಇಲ್ಲ. ಇದ್ದಿದ್ರೂ ಖರ್ಚಿಗೆ ಅಂತ ಬರ್ದು ಷೇರು ತಗೊಂಡಿದ್ರೆ ಸುಳ್ಳು ಹೇಳಿದಂಗೇ ಆಗ್ತಿತ್ತು. ಆ ಮೇಡಂ ಅವತ್ತು ಸುಮ್ನೆ ಸೀಲ್ ಹೊಡೆದಿದ್ರೆ ನಾನ್ ಇವತ್ತು ಫೆಮಾ, ಅಂದ್ರೆ ವಿದೇಶಿ ವಿನಿಮಯ ಕಾಯ್ದೆ ಕೇಸಲ್ಲಿ ಓಡಾಡ್ತಿದ್ದೆ ಅನ್ಸುತ್ತೆ.

ಸರಿಯಾದ ದಾರಿ ಹೀಗೆ. ಇಲ್ಲಿ ವಾಸ ಇರೋ ಒಬ್ಬ ಮನುಷ್ಯ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸ್ಬೋದು, ಎಲ್‌ಆರ್‌ಎಸ್ ಅಂತಾರೆ. ಆದ್ರೆ ಹೊರದೇಶದ ಪ್ರೈವೇಟ್ ಕಂಪನಿಲಿ ಪಾಲು ತಗೋಳೋದು ಓಡಿಐ, ಅಂದ್ರೆ ಹೊರದೇಶದಲ್ಲಿ ನೇರ ಹೂಡಿಕೆ, ಅದಕ್ಕೆ 2022ರ ಆಗಸ್ಟ್‌ನಲ್ಲಿ ಬಂದ ಹೊಸ ರೂಲ್ಸ್ ಇದೆ. ಬ್ಯಾಂಕ್ ಮೂಲಕ ಫಾರಂ ಎಫ್‌ಸಿ ಕೊಟ್ಟು ರಿಸರ್ವ್ ಬ್ಯಾಂಕಿಂದ ಆ ಹೂಡಿಕೆಗೆ ಅಂತ ಯುಐಎನ್ ಅನ್ನೋ ಗುರುತಿನ ನಂಬರ್ ತಗೊಂಡು, ಆ ನಂಬರ್ ಬಂದ್ಮೇಲೆ ದುಡ್ಡು ಕಳಿಸ್ಬೇಕು, ಉಲ್ಟಾ ಮಾಡಂಗಿಲ್ಲ. ಆರು ತಿಂಗಳೊಳಗೆ ಷೇರ್ ಸರ್ಟಿಫಿಕೇಟ್ ತಂದು ಬ್ಯಾಂಕಿಗೆ ತೋರಿಸ್ಬೇಕು. ಈ ತರ ಹೊರಗೆ ಪಾಲು ಹಾಕೋಕೆ ಅಂತ ಬ್ಯಾಂಕು ಸಾಲ ಕೊಡಂಗಿಲ್ಲ, ಸ್ವಂತ ದುಡ್ಡೇ ಆಗ್ಬೇಕು. ವರ್ಷಕ್ಕೆ 10 ಲಕ್ಷ ದಾಟಿದ್ರೆ ದಾಟಿದ ಭಾಗಕ್ಕೆ 20 ಪರ್ಸೆಂಟ್ ಟಿಸಿಎಸ್ ಅಂತ ಬ್ಯಾಂಕಲ್ಲೇ ಮುಂಗಡ ಟ್ಯಾಕ್ಸ್ ಹಿಡೀತಾರೆ, ಅಂದ್ರೆ 15 ಲಕ್ಷ ಕಳ್ಸಿದ್ರೆ ಮೇಲಿನ 5 ಲಕ್ಷಕ್ಕೆ 1 ಲಕ್ಷ. ಅದು ಹೋಗೋ ದುಡ್ಡಲ್ಲ, ರಿಟರ್ನ್ಸ್ ಹಾಕಿದ್ರೆ ವಾಪಸ್ ಬರುತ್ತೆ ಇಲ್ಲ ಟ್ಯಾಕ್ಸಲ್ಲಿ ಮುರ್ಕೊಳ್ತಾರೆ, ಆದ್ರೆ ಅಲ್ಲೀತನಕ ಕೈಲಿರಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಈಗ ಹೆಡ್ಡಿಂಗಲ್ಲಿ ಹೇಳಿದ ಪಹಣಿ ವಿಷ್ಯ. ವೀಸಾ ಬಂತು, ಎಮಿರೇಟ್ಸ್ ಐಡಿ ಬಂತು, ಅಣ್ಣ ದುಬೈಲಿ ಕಂಪನಿ ಅಕೌಂಟ್ ಓಪನ್ ಮಾಡೋಕೆ ಹೋದ, ಅಲ್ಲಿ ಬ್ಯಾಂಕು ಕೇಳ್ತು, ಈ ದುಡ್ಡಿನ ಮೂಲ ಏನು? ಮಾವಿನ ತೋಟ. ಪ್ರೂಫ್? ನಮ್ ಹತ್ರ ಏನಿದೆ ಹೇಳಿ. ಇಲ್ಲಿ ಹಣ್ಣು ಮಾರ್ತೀವಿ, ಮಂಡಿ ಯಜಮಾನ್ರು ಚೀಟಿ ಬರ್ದು ದುಡ್ಡು ಕೈಗ್ ಕೊಡ್ತಾರೆ, ಚೀಟಿ ಜೇಬಲ್ಲಿ ಒಗೆದು ಹರಿದೋಗುತ್ತೆ. ಕೃಷಿ ಆದಾಯಕ್ಕೆ ಟ್ಯಾಕ್ಸಿಲ್ಲ ಅಂತ ರಿಟರ್ನ್ಸೂ ಹಾಕಿರಲ್ಲ. ನಾನು ಇದೇ ಮಂಡಿಗೆ ಬಂದು ಯಜಮಾನ್ರ ಹತ್ರ ಹಳೇ ಚೀಟಿ ಕೊಡಿ ಅಂತ ಕೇಳ್ದೆ. "ಏನೋ ತಮ್ಮ, ಮೂರ್ ವರ್ಷದ್ ಚೀಟಿ ಯಾರೋ ಮಡಿಕ್ಕೊಂಡಿರ್ತಾರೆ" ಅಂತ ಬೈದು, ಆಮೇಲೆ ಪಾಪ ಮೇಲಿಂದ ಹಳೇ ಲೆಡ್ಜರ್ ಇಳಿಸಿದ್ರು. ಇಲಿ ಮೂಲೆ ತಿಂದಿತ್ತು. ನಮ್ ತಂದೆ ಹೆಸರಿರೋ ಪುಟಗಳು ಉಳ್ಕೊಂಡಿದ್ವು, ಅದ್ರ ಜೆರಾಕ್ಸು, ಪಹಣಿ, ಎಪಿಎಂಸಿ ರಸೀದಿ, ಸಿಎ ಬರ್ದ ಒಂದ್ ಲೆಟರು, ಎಲ್ಲ ಸೇರ್ಸಿ ಇಂಗ್ಲಿಷ್ ಮಾಡ್ಸಿ ಕಳ್ಸಿದ್ದಾಯ್ತು. ಅಕೌಂಟ್ ಓಪನ್ ಆಗೋಕೆ ಮೂರು ತಿಂಗಳು ಹಿಡೀತು, ಮೂರು ತಿಂಗಳು ಅಣ್ಣ ಬಾಡಿಗೆ ಕಟ್ಕೊಂಡು ಸುಮ್ನೆ ಕೂತಿದ್ದ. ಈಗ್ಲಿಂದ್ಲೇ ಹಣ್ಣಿನ ದುಡ್ಡು ಅಕೌಂಟಿಗೇ ಹಾಕ್ಸಿಕೊಳ್ಳಿ, ಟ್ಯಾಕ್ಸ್ ಇಲ್ದಿದ್ರೂ ಕೃಷಿ ಆದಾಯ ತೋರ್ಸಿ ರಿಟರ್ನ್ಸ್ ಹಾಕಿ. ಎರಡ್ಮೂರು ವರ್ಷದ ರಿಟರ್ನ್ಸ್ ಇದ್ರೆ ಯಾವ ದೇಶದ ಆಫೀಸರ್ ಮುಂದೆ ಬೇಕಾದ್ರೂ ಇಡ್ಬೋದು.

ಪಾಸ್‌ಪೋರ್ಟಲ್ಲಿ ಹೆಸರೂ ನೋಡ್ಕೊಳ್ಳಿ. ನಮ್ ಕಡೆ ಮುನಿವೆಂಕಟಪ್ಪ ಅಂತ ಒಂದೇ ಹೆಸರು ಇರುತ್ತೆ, ಸರ್‌ನೇಮ್ ಜಾಗ ಖಾಲಿ. 2022ರ ನವೆಂಬರ್‌ನಿಂದ ಯುಎಇಯವ್ರು, ಅಂದ್ರೆ ದುಬೈ ಇರೋ ದೇಶದವ್ರು, ಒಂಟಿ ಹೆಸರಿನೋರಿಗೆ ವಿಸಿಟ್ ವೀಸಾಲಿ ಒಳಗೆ ಬಿಡಲ್ಲ ಅಂದ್ರು, ಆಮೇಲೆ ಕೊನೇ ಪುಟದಲ್ಲಿ ತಂದೆ ಹೆಸರಿದ್ರೆ ಪರ್ವಾಗಿಲ್ಲ ಅಂದ್ರು. ಹೆಂಡ್ತೀನ ಕರ್ಕೊಂಡು ಹೋಗೋ ಪ್ಲಾನಿದ್ರೆ ದೇವಸ್ಥಾನದಲ್ಲಾದ ಮದುವೇನ ಈಗ್ಲೇ ರಿಜಿಸ್ಟರ್ ಮಾಡ್ಸಿ, ಕಾವೇರಿ ಪೋರ್ಟಲಲ್ಲಿ ಆನ್‌ಲೈನೇ ಆಗುತ್ತೆ, ಆ ಸರ್ಟಿಫಿಕೇಟಿಗೆ ರಾಜ್ಯದ್ದು, ಕೇಂದ್ರ ವಿದೇಶಾಂಗ ಇಲಾಖೆದು, ಯುಎಇ ರಾಯಭಾರ ಕಚೇರಿದು ಅಂತ ಸಾಲಾಗಿ ಸೀಲ್ ಬೀಳ್ಬೇಕು.

ದುಬೈ ವೀಸಾ ಸಿಕ್ಕಿದ್ಮೇಲೆ ಊರಿಗೆ ಬಂದು ಆರು ತಿಂಗಳಿಗಿಂತ ಜಾಸ್ತಿ ಕೂತ್ರೆ ಮಾಮೂಲಿ ರೆಸಿಡೆನ್ಸಿ ರದ್ದಾಗುತ್ತೆ. ಅಲ್ಲಿ ಟ್ಯಾಕ್ಸೇ ಇಲ್ಲ ಅನ್ನೋದೂ ಮುಗ್ದೋಯ್ತು, 2023ರ ಜೂನ್‌ನಿಂದ 3.75 ಲಕ್ಷ ದಿರ್ಹಮ್ ಮೇಲಿನ ಲಾಭಕ್ಕೆ 9 ಪರ್ಸೆಂಟು, ಲಾಭ ಇಲ್ದಿದ್ರೂ ರಿಜಿಸ್ಟರ್ ಆಗ್ಲೇಬೇಕು, ತಡ ಮಾಡಿದ್ರೆ 10,000 ದಿರ್ಹಮ್ ದಂಡ. ಇಲ್ಲಿರೋ ಪಾಲುದಾರ ತನ್ನ ಐಟಿ ರಿಟರ್ನ್ಸಲ್ಲಿ ಫಾರಿನ್ ಆಸ್ತಿ ಅಂತ ಈ ಷೇರು ತೋರಿಸ್ಬೇಕು, ಮತ್ತೆ ಪ್ರತೀ ವರ್ಷ ಡಿಸೆಂಬರ್ 31ರೊಳಗೆ ಎಪಿಆರ್ ಅಂತ ಆ ಕಂಪನಿ ವರ್ಷವಿಡೀ ಹೆಂಗ್ ನಡೀತು ಅನ್ನೋ ರಿಪೋರ್ಟು ಬ್ಯಾಂಕ್ ಮೂಲಕ ರಿಸರ್ವ್ ಬ್ಯಾಂಕಿಗೆ. ಹೇಳ್ತಾ ಹೇಳ್ತಾ ನೆನಪಾಯ್ತು, ನಮ್ದು ಅಕೌಂಟ್ಸ್ ಅಣ್ಣ ಇನ್ನೂ ಕಳಿಸಿಲ್ಲ, ಹೋದ್ಸಲನೂ ಡಿಸೆಂಬರ್ 30ಕ್ಕೆ ಕಳ್ಸಿ ನನ್ ನಿದ್ದೆ ಕೆಡಿಸಿದ್ದ. ಅಗೋ ಹರಾಜು ಶುರುವಾಯ್ತು, ನಾನ್ ಮೊದ್ಲು ಅವ್ನಿಗೆ ಫೋನ್ ಮಾಡ್ತೀನಿ.