ಒಳಗಿನಿಂದ ಹಾಕಿದ ಚಿಲಕ

ಕೇಳುಗರಿಗೆ ನಮಸ್ಕಾರ. ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಆಗುಂಬೆ ಘಾಟಿಯ ಕಡೆಗೆ ಹೋಗುವ ಬಸ್ಸಿಗೆ ಕಾಯುವಾಗಲೆಲ್ಲ, ಮಹಿಳೆಯರ ಶೌಚಾಲಯದ ಬಾಗಿಲು ಕಣ್ಣಿಗೆ ಬಿದ್ದರೆ ನನಗೆ ಮೋಹನ್ ಕುಮಾರನ ಪ್ರಕರಣ ನೆನಪಾಗುತ್ತದೆ. ಪತ್ರಿಕೆಗಳು ಅವನನ್ನು ‘ಸಯನೈಡ್ ಮೋಹನ’ ಎಂದು ಕರೆದವು. ದಕ್ಷಿಣ ಕನ್ನಡದಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ ಈ ಮನುಷ್ಯನ ಮೇಲೆ 20 ಹೆಣ್ಣುಮಕ್ಕಳನ್ನು ಕೊಂದ ಮೊಕದ್ದಮೆಗಳು ನಡೆದವು.

ಅವನು ಹುಡುಕುತ್ತಿದ್ದದ್ದು ವರದಕ್ಷಿಣೆ ಕೊಡಲಾಗದೆ ಮದುವೆ ಮುಂದೆ ಹೋಗುತ್ತಿದ್ದ ಬಡವರ ಮನೆಯ ಹೆಣ್ಣುಮಕ್ಕಳನ್ನು. ಒಬ್ಬೊಬ್ಬಳಿಗೆ ಒಂದೊಂದು ಹೆಸರು ಹೇಳಿ, ಅವಳದೇ ಜಾತಿಯವನೆಂದು ನಂಬಿಸಿ, ವರದಕ್ಷಿಣೆಯ ಮಾತೇ ಬೇಡವೆನ್ನುತ್ತಿದ್ದ. ದೂರದ ಊರಿಗೆ ಕರೆದೊಯ್ದು, ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲೇ ಬಿಚ್ಚಿಡಿಸಿ ನಿಲ್ದಾಣಕ್ಕೆ ಕರೆತರುತ್ತಿದ್ದ. ಬಸಿರು ನಿಲ್ಲದಿರಲು ಇದೊಂದು ಗುಳಿಗೆ, ಶೌಚಾಲಯದೊಳಗೆ ಹೋಗಿ ನುಂಗು ಎನ್ನುತ್ತಿದ್ದ. ಅದು ಅಕ್ಕಸಾಲಿಗನೆಂದು ಹೇಳಿಕೊಂಡು ಕೊಂಡು ತಂದಿದ್ದ ಸಯನೈಡ್. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳದಂತೆ ಮಾಡುವ ವಿಷವದು. ಮದುವೆಯ ಆಸೆ ತುಂಬಿಕೊಂಡಿದ್ದ ಆ ಜೀವಗಳಿಗೆ ಕೂಗಿ ಕರೆಯುವಷ್ಟು ಪುರುಸೊತ್ತೂ ಸಿಗಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಒಳ್ಳೆಯ ಸೀರೆ ಉಟ್ಟ ಹೆಣ್ಣು, ಮೈಮೇಲೆ ಬಂಗಾರವಿಲ್ಲ. ಮೈಸೂರು, ಬೆಂಗಳೂರು, ಹಾಸನ, ನಮ್ಮ ಮಲೆನಾಡಿನದೇ ಆದ ಮಡಿಕೇರಿ, ಎಲ್ಲಿಯೂ ಇದೇ ನೋಟ. ಆದರೆ ಆಯಾ ಊರಿನ ಠಾಣೆ ತನ್ನಲ್ಲಿ ಸಿಕ್ಕ ಶವವನ್ನಷ್ಟೇ ನೋಡಿತು. ಅಸಹಜ ಸಾವು, ಗುರುತು ಸಿಗದ ಮಹಿಳೆ ಎಂದು ಕಡತ ಕಟ್ಟಿಟ್ಟಿತು. ಇತ್ತ ಎಷ್ಟೋ ಮನೆಗಳವರು ಮಗಳು ಯಾರೊಡನೆಯೋ ಓಡಿಹೋದಳೆಂದು ಮರ್ಯಾದೆಗೆ ಅಂಜಿ ಬಾಯಿಬಿಡಲಿಲ್ಲ. ನಮ್ಮ ಕಡೆಯೂ ಇದೇ ರೂಢಿ. ಹುಡುಗಿ ಎಲ್ಲಿ ಎಂದು ಕೇಳಿದರೆ ‘ಚಿಕ್ಕಮ್ಮನ ಮನೆಗೆ ಹೋಗಿದ್ದಾಳೆ’ ಎಂದು ಮಾತು ಮುಗಿಸುವವರನ್ನು ನಾನೇ ಕಂಡಿದ್ದೇನೆ. ಕೊಲೆಗಾರನಿಗೆ ವಿಷಕ್ಕಿಂತ ಹೆಚ್ಚು ಒದಗಿಬಂದದ್ದು ಈ ಮೌನವೆಂದೇ ನನ್ನ ಅಭಿಪ್ರಾಯ.

2009ರಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಾಗ ಆಕೆಯ ಕಡೆಯ ಜನ ಸುಮ್ಮನಿರದೆ ಪೊಲೀಸರ ಬೆನ್ನುಬಿದ್ದರು. ಅವಳ ಮೊಬೈಲ್ ಕರೆಗಳ ಜಾಡು ಹಿಡಿದು ಹೋದರೆ, ಆ ಜಾಡಿನಲ್ಲಿ ಕಾಣೆಯಾದ ಇನ್ನೊಬ್ಬಳ ಫೋನು ಎದುರಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸಿತು. ಒಂದು ಪ್ರಕರಣದಲ್ಲಿ ಹೈಕೋರ್ಟ್ 2017ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. 20ನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನಿನಲ್ಲಿ. ಮನೆಯವರು ಬರುವ ಹೊತ್ತಿಗೆ ವಾರಸುದಾರರಿಲ್ಲದ ಶವಗಳೆಂದು ಎಂದೋ ಮಣ್ಣು ಮಾಡಲಾಗಿತ್ತು. ಅವರ ಮುಂದೆ ಪೊಲೀಸರು ಇಟ್ಟದ್ದು ಕಡತದೊಳಗಿನ ಫೋಟೋಗಳನ್ನು.