ತೋಪಿಲ್ಲದೆ ಬಿದ್ದ ಕೋಟೆಗಳು

ಕೇಳುಗರಿಗೆ ನಮಸ್ಕಾರ.

ಕೋಟೆಗೆ ಮುತ್ತಿಗೆ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತೋಪು, ಏಣಿ, ಆನೆ. ಇವತ್ತು ನಾನು ಹೇಳಲು ಹೊರಟ ಮುತ್ತಿಗೆಯಲ್ಲಿ ಇವು ಯಾವುವೂ ಇಲ್ಲ. ಇದ್ದದ್ದು ಕೊಡಲಿ. ಅದೂ ಅಕ್ಕಪಕ್ಕದ ತೋಟಗಳಿಂದ ಕೇಳಿ ತಂದದ್ದು.

ಇದು ನಡೆದದ್ದು 1781ರ ಏಪ್ರಿಲ್‌ನಲ್ಲಿ, ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ. ಅಮೆರಿಕನ್ನರು ಬ್ರಿಟಿಷರಿಂದ ಬಿಡುಗಡೆಗೆ ಹೋರಾಡುತ್ತಿದ್ದ ಕಾಲ. ಹಿಂದಿನ ವರ್ಷ ಮೇ 12ರಂದು ಚಾರ್ಲ್ಸ್‌ಟನ್ ಬಂದರು ಬ್ರಿಟಿಷರ ಪಾಲಾಗಿತ್ತು. ಸುಮಾರು 5,000 ಸೈನಿಕರು ಒಂದೇ ಸಲಕ್ಕೆ ಸೆರೆಯಾದರು. ಆಗಸ್ಟ್‌ನಲ್ಲಿ ಕ್ಯಾಮ್ಡನ್ ಎಂಬಲ್ಲಿ ಇನ್ನೊಂದು ಸೇನೆಯೂ ಚದುರಿಹೋಯಿತು. ಆ ಸೀಮೆಯಲ್ಲಿ ಸೇನೆ ಅಂತ ಹೇಳಿಕೊಳ್ಳುವಂಥದ್ದು ಉಳಿದಿರಲೇ ಇಲ್ಲ.

ಉಳಿದಿದ್ದವರು ಊರ ಜನ. ತಮ್ಮ ಕುದುರೆ, ತಮ್ಮ ಬಂದೂಕು, ತಮ್ಮದೇ ಬುತ್ತಿ. ಸಂಬಳದ ಮಾತೇ ಇಲ್ಲ. ಬೇಕಾದಾಗ ಬರುತ್ತಿದ್ದರು, ಬಿತ್ತನೆ ಬಂತು ಅಂದರೆ ಊರಿಗೆ ಹೋಗಿಬಿಡುತ್ತಿದ್ದರು. ಇವರ ನಾಯಕರಲ್ಲೊಬ್ಬ ಫ್ರಾನ್ಸಿಸ್ ಮೇರಿಯನ್. ಐವತ್ತರ ಹತ್ತಿರದ ಕುಳ್ಳ ಮನುಷ್ಯ. ಚಾರ್ಲ್ಸ್‌ಟನ್ ಬಿದ್ದಾಗ ಇವನೂ ಸೆರೆಯಾಗಬೇಕಿತ್ತು. ಉಳಿಸಿದ್ದು ಮುರಿದ ಕಾಲು. ಯಾವುದೋ ಔತಣದಲ್ಲಿ ಮನೆಯವರು ಬಾಗಿಲಿಗೆ ಬೀಗ ಹಾಕಿ, ಕುಡಿಯದೆ ಯಾರೂ ಹೋಗುವಂತಿಲ್ಲ ಅಂದರಂತೆ. ಈತ ಮಹಡಿಯ ಕಿಟಕಿಯಿಂದ ಹಾರಿ ಹಿಮ್ಮಡಿಗಂಟು ಮುರಿದುಕೊಂಡನಂತೆ. ಹಾಗಾಗಿ ಊರಿಂದಾಚೆ ಮಲಗಿದ್ದ, ಬಚಾವಾದ. ಆಮೇಲೆ ಜೌಗು ಕಾಡುಗಳಲ್ಲಿ ಅಡಗಿ, ರಾತ್ರಿ ಬಂದು ಹೊಡೆದು ಮಾಯವಾಗುತ್ತಿದ್ದ. ‘ಜೌಗಿನ ನರಿ’ ಅನ್ನುವ ಹೆಸರು ಬಂದದ್ದು ಹಾಗೆ.

ಹೊಡೆದು ಓಡುವವನಿಗೆ ಕೋಟೆಯ ಗೊಡವೆ ಯಾಕೆ, ಅಲ್ವಾ? ಕಾರಣ ಇದೆ. ಬ್ರಿಟಿಷರ ದೊಡ್ಡ ಠಾಣ್ಯಗಳು ಒಳನಾಡಿನಲ್ಲಿದ್ದವು. ಅವುಗಳಿಗೆ ಮದ್ದುಗುಂಡು, ಉಪ್ಪು, ರಮ್ಮು ಎಲ್ಲವೂ ಚಾರ್ಲ್ಸ್‌ಟನ್ನಿಂದಲೇ ಹೋಗಬೇಕು. ಆ ದಾರಿಯುದ್ದಕ್ಕೂ ಮಣಿ ಪೋಣಿಸಿದ ಹಾಗೆ ಸಣ್ಣ ಸಣ್ಣ ಕೋಟೆಗಳು. ಮಣಿ ಕಿತ್ತರೆ ದಾರವೂ ಕೈಗೆ ಬರುತ್ತದೆ.

ಮೊದಲ ಮಣಿ ವಾಟ್ಸನ್ ಕೋಟೆ. ಸ್ಯಾಂಟಿ ನದಿಯ ಹತ್ತಿರ, ಅಲ್ಲಿನ ಮೂಲನಿವಾಸಿಗಳು ಯಾವ ಕಾಲದಲ್ಲೋ ಕಟ್ಟಿದ ಮಣ್ಣಿನ ದಿಬ್ಬದ ಮೇಲೆ ಮರದ ಗೋಡೆ ಎಬ್ಬಿಸಿದ್ದರು. ಒಳಗೆ ಸುಮಾರು 120 ಜನ. ಏಪ್ರಿಲ್ 15ಕ್ಕೆ ಮೇರಿಯನ್ ಬಂದ. ಜೊತೆಗೆ ಹೆನ್ರಿ ಲೀ ಎಂಬ ಅಧಿಕಾರಿಯ ಕಾಯಂ ಸೈನಿಕರ ತುಕಡಿ. ತೋಪು ಇಲ್ಲ. ಸರಿ, ಒಳಗಿನವರು ಕೆರೆಯ ನೀರಿಗೆ ಬರುವ ದಾರಿಯನ್ನು ಅಡ್ಡಗಟ್ಟಿದರು. ಒಳಗಿನವರು ಬಾವಿ ತೋಡಿಕೊಂಡರು. ಈಗ ಏನು ಮಾಡುವುದು? ಮುತ್ತಿಗೆ ಹಾಕಿದವರಿಗೆ ಬೇಸರ ಬಂದರೆ ಅಲ್ಲಿಗೆ ಕೆಲಸ ಕೆಟ್ಟ ಹಾಗೆ. ಊರ ಜನ ಒಬ್ಬೊಬ್ಬರಾಗಿ ಕುದುರೆ ಹತ್ತಿಬಿಡುತ್ತಾರೆ.

ಆಗ ಹೆಜೆಕಾಯ ಮೇಹಮ್ ಎಂಬ ಮೇಜರ್ ಒಂದು ಉಪಾಯ ಹೇಳಿದ. ಕೊಡಲಿ ತರಿಸಿ ಕಾಡಲ್ಲಿ ಮರ ಕಡಿಯುವುದು. ದಿಮ್ಮಿಗಳನ್ನು ಅಳತೆಗೆ ಕೊಯ್ದು, ಕತ್ತಲಲ್ಲಿ ಹೊತ್ತು ತಂದು, ಒಂದರ ಮೇಲೊಂದು ಅಡ್ಡಡ್ಡ ಇಟ್ಟು ಅಟ್ಟಣೆ ಎಬ್ಬಿಸುವುದು. 23ರ ಬೆಳಕು ಹರಿದಾಗ ಕೋಟೆಯೊಳಗಿನವರು ನೋಡುತ್ತಾರೆ, ತಮ್ಮ ಗೋಡೆಗಿಂತ ಎತ್ತರದಲ್ಲಿ ಬಂದೂಕುಗಳು! ಮರೆಯಾಗಲು ಜಾಗವೇ ಇಲ್ಲ. ಅವತ್ತೇ ಶರಣಾದರು. ನಮ್ಮಲ್ಲಿ ಹೊಲ ಕಾಯುವವರು ಅಟ್ಟಣೆ ಕಟ್ಟುವುದು ನೆನಪಾಗುತ್ತದೆ. ಇದು ಹಕ್ಕಿ ಓಡಿಸುವುದಕ್ಕಲ್ಲ, ಅಷ್ಟೇ.

ಮೇ ತಿಂಗಳಲ್ಲಿ ಮೋಟ್ ಕೋಟೆ. ಕೋಟೆ ಅಂತ ಹೆಸರು, ಅಸಲಿಗೆ ಅದೊಂದು ದೊಡ್ಡ ಮನೆ. ರೆಬೆಕ್ಕಾ ಮೋಟ್ ಎಂಬ ವಿಧವೆಯ ಮನೆಯನ್ನು ಬ್ರಿಟಿಷರು ಹಿಡಿದು, ಸುತ್ತ ಕಂದಕ ತೋಡಿ, ಆಕೆಯನ್ನು ಆಚೆ ಕಳಿಸಿದ್ದರು. ಮೇರಿಯನ್ ಮತ್ತು ಲೀ ಕಂದಕದತ್ತ ಅಗೆಯುತ್ತಾ ಹೋದರು. ಅಷ್ಟರಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ರಾಡನ್ ಹತ್ತಿರ ಬರುತ್ತಿದ್ದಾನೆ ಅಂತ ಸುದ್ದಿ. ರಾತ್ರಿ ನದಿಯಾಚೆ ಅವನ ಪಾಳೆಯದ ಬೆಂಕಿಯೂ ಕಂಡಿತು. ಉಳಿದದ್ದು ಒಂದೇ ದಾರಿ, ಮನೆಗೆ ಬೆಂಕಿ ಇಡುವುದು. ಮನೆಯೊಡತಿಗೆ ಹೇಗೆ ಹೇಳುವುದು ಅಂತ ಲೀ ಒದ್ದಾಡುತ್ತಿದ್ದರೆ, ಆಕೆ ಸುಮ್ನೆ ಒಪ್ಪಿಕೊಂಡಳು. ಇಷ್ಟೇ ಅಲ್ಲ, ಬಿಲ್ಲು ಬಾಣ ತಂದುಕೊಟ್ಟಳು. ಅದು ಇಂಡಿಯಾದಿಂದ ತರಿಸಿದ ಬಿಲ್ಲು ಅಂತ ಲೀ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಬಾಣವಲ್ಲ, ರಾಳ ಗಂಧಕದ ಉಂಡೆ ಎಸೆದದ್ದು ಅಂತ ಇನ್ನೊಂದು ಹೇಳಿಕೆಯೂ ಇದೆ. ಅಂತೂ ಚಾವಣಿ ಹೊತ್ತಿತು, ಮೇ 12ಕ್ಕೆ ಒಳಗಿನವರು ಕೈ ಎತ್ತಿದರು. ಆಮೇಲೆ ಎರಡೂ ಕಡೆಯವರು ಸೇರಿ ಬೆಂಕಿ ಆರಿಸಿದರು. ಆಕೆ ಎರಡೂ ಕಡೆಯ ಅಧಿಕಾರಿಗಳಿಗೆ ಊಟ ಹಾಕಿದಳಂತೆ.

ಕೇಳಲು ಚೆಂದ. ಆದರೆ ನೈಂಟಿ ಸಿಕ್ಸ್ ಎಂಬ ಊರಿನ ಮುತ್ತಿಗೆ ಅಷ್ಟು ಚೆಂದ ಇಲ್ಲ. ಅಮೆರಿಕನ್ ಸೇನಾಪತಿ ನಥಾನಿಯಲ್ ಗ್ರೀನ್ ಅಲ್ಲಿ ಮೇ 22ರಿಂದ ಜೂನ್ 19ರವರೆಗೆ ಕೂತ. ಪೋಲೆಂಡಿನ ಎಂಜಿನಿಯರ್ ಕೊಶ್ಚುಷ್ಕೊ ನಕ್ಷತ್ರದ ಆಕಾರದ ಆ ಕೋಟೆಯತ್ತ ಕಂದಕ ತೋಡಿಸಿದ, ಸುರಂಗ ಕೊರೆಸಿದ. ಅಟ್ಟಣೆಯೂ ಎದ್ದಿತು. ಒಳಗಿನವರು ಮರಳಿನ ಚೀಲ ಪೇರಿಸಿ ಗೋಡೆಯನ್ನೇ ಎತ್ತರಿಸಿಕೊಂಡರು. ಅವರೂ ಅಮೆರಿಕನ್ನರೇ, ರಾಜನ ಪಕ್ಷದವರು, ಸುಮಾರು 550 ಜನ. ಕೋಟೆಯಲ್ಲಿ ಬಾವಿ ತೋಡಿದರೂ ನೀರು ಬರಲಿಲ್ಲ. ರಾತ್ರಿ ನೀರು ತರಲು ಕಳಿಸಿದ್ದು ಕರಿಯ ಗುಲಾಮರನ್ನು, ಬೆತ್ತಲೆಯಾಗಿ, ಕತ್ತಲಲ್ಲಿ ಕಾಣದಿರಲಿ ಅಂತ. ಈ ಕಡೆಯ ನಾಯಕ ಸಮ್ಟರ್ ತನ್ನವರಿಗೆ ಸಂಬಳವಾಗಿ ಕೊಡುತ್ತೇನೆ ಅಂದದ್ದೂ ಎದುರಾಳಿಗಳಿಂದ ಕಿತ್ತುಕೊಂಡ ಗುಲಾಮರನ್ನೇ. ಬಿಡುಗಡೆಯ ಯುದ್ಧದಲ್ಲಿ ಇದೂ ಇತ್ತು.

ರಾಡನ್ ನೆರವಿಗೆ ಬಂದದ್ದರಿಂದ ಗ್ರೀನ್ ಮುತ್ತಿಗೆ ಎತ್ತಿದ. ಸೋತ. ಆದರೆ ದಾರಿಯ ಕೋಟೆಗಳೆಲ್ಲ ಹೋಗಿದ್ದವಲ್ಲ, ಗೆದ್ದ ಊರನ್ನು ಉಳಿಸಿಕೊಳ್ಳಲಾಗದೆ ಮುಂದಿನ ತಿಂಗಳು ಬ್ರಿಟಿಷರೇ ಖಾಲಿ ಮಾಡಿದರು.

ಅಂದಹಾಗೆ, ದಕ್ಷಿಣದ ಬ್ರಿಟಿಷ್ ದಂಡಿನ ದೊಡ್ಡ ಯಜಮಾನ ಲಾರ್ಡ್ ಕಾರ್ನ್‌ವಾಲಿಸ್. ಅದೇ ವರ್ಷ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಶರಣಾದವನು. ಹತ್ತು ವರ್ಷದ ನಂತರ, 1791ರ ಮಾರ್ಚ್‌ನಲ್ಲಿ, ಬೆಂಗಳೂರು ಕೋಟೆಯ ಗೋಡೆ ಒಡೆದು ಒಳನುಗ್ಗಿಸಿದವನೂ ಅವನೇ. ಈ ಸಲ ಅವನ ಹತ್ತಿರ ತೋಪುಗಳಿಗೆ ಬರ ಇರಲಿಲ್ಲ. ಮೇ ತಿಂಗಳಲ್ಲಿ ಅವನ್ನೆಲ್ಲ ಎಳೆಸಿಕೊಂಡು ಶ್ರೀರಂಗಪಟ್ಟಣದ ಹತ್ತಿರ ಬಂದ, ಕಾಳಗವನ್ನೂ ಗೆದ್ದ. ಆದರೆ ಟಿಪ್ಪುವಿನ ಸವಾರರು ದಾರಿಯುದ್ದಕ್ಕೂ ಮೇವು ಸುಟ್ಟಿದ್ದರು, ದವಸ ತಡೆದಿದ್ದರು. ಮಳೆ ಬೇರೆ ಹಿಡಿಯಿತು. ಎತ್ತುಗಳು ಸಾಲು ಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ಕಾರ್ನ್‌ವಾಲಿಸ್ ತಾನೇ ಒಡೆಸಿಹಾಕಿ, ಬೆಂಗಳೂರಿಗೆ ತಿರುಗಿದ.

ನಮಸ್ಕಾರ.