ಮೂರು ಬಟ್ಟಲು, ಏಳು ಗ್ರಾಂ ಎಲೆ

ಕೇಳುಗರಿಗೆ ನಮಸ್ಕಾರ. ಚೀನಾದ ಚಹಾ ವಿಧಿಯನ್ನು ಈಗ ಎಷ್ಟೋ ಜನ ಮನೆಯಲ್ಲೇ ಕೂತು, ಮೊಬೈಲ್ ಪರದೆ ನೋಡಿಕೊಂಡು ಕಲಿಯುತ್ತಾರೆ. ಪರದೆಯಲ್ಲಿ ಕಲಿಸುವವರ ಕೈ ಕಾಣುತ್ತದೆ. ಪರಿಮಳ ಬರುವುದಿಲ್ಲ, ಬಿಸಿ ತಟ್ಟುವುದಿಲ್ಲ. ಹೀಗಾಗಿ ಕೈಯ ಅಂದವೇನೋ ಬರುತ್ತದೆ, ಬಟ್ಟಲಿನ ಚಹಾ ಮಾತ್ರ ಕಹಿ. ಈ ವಿಧಿಯಲ್ಲಿ ಬರೀ ತೋರಿಕೆಗೆ ಮಾಡುವ ಕೆಲಸ ತೀರಾ ಕಡಿಮೆ. ಹೆಚ್ಚಿನದಕ್ಕೆಲ್ಲ ಬಿಸಿಯದೋ ಹೊತ್ತಿನದೋ ಒಂದು ಕಾರಣವಿದೆ. ಆ ಕಾರಣ ಹೇಳಿಕೊಟ್ಟರೆ ದೂರದಲ್ಲಿ ಕೂತವರ ಕೈಗೂ ಹದ ಸಿಗುತ್ತದೆ.

ಇವತ್ತು ಒಂದೇ ಊರಿನ ಪದ್ಧತಿ ಹಿಡಿದು ನೋಡೋಣ. ಗ್ವಾಂಗ್‌ಡಾಂಗ್ ಪ್ರಾಂತ್ಯದ ಪೂರ್ವಭಾಗದಲ್ಲಿ ಚಾವ್‌ಝೌ ಎಂಬ ಊರಿದೆ. ಅಲ್ಲಿಯದು ಗೊಂಗ್‌ಫು ಚಹಾ. ಗೊಂಗ್‌ಫು ಅಂದರೆ ಸಮಯ ಕೊಟ್ಟು, ಮೈ ಬಗ್ಗಿಸಿ ಗಳಿಸಿದ ಕೈಚಳಕ. ಚೀನಾದ ಚಹಾ ತಯಾರಿಕೆಯ ವಿದ್ಯೆಗಳನ್ನೂ ಅದರ ಸುತ್ತಲಿನ ಆಚಾರಗಳನ್ನೂ ಯುನೆಸ್ಕೊ 2022ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಚಾವ್‌ಝೌ ಪದ್ಧತಿಯೂ ಅದರೊಳಗಿದೆ. ಇನ್ನೊಂದು ಮಾತು. ಅದೇ ಪ್ರಾಂತ್ಯದ ಕ್ಯಾಂಟನ್ ಕಡೆಯವರು ಇದಕ್ಕೆ ‘ಚಾ’ ಅನ್ನುತ್ತಾರೆ, ಚಾವ್‌ಝೌನವರ ಬಾಯಲ್ಲಿ ಅದು ‘ತೇ’ಗೆ ಹತ್ತಿರ. ನಾವು ಒಂದೇ ಉಸಿರಿನಲ್ಲಿ ಆಡುವ ಚಹಾ, ಟೀ ಎರಡರ ಬೇರೂ ಈ ಎರಡು ಉಚ್ಚಾರಗಳಲ್ಲೇ ಇದೆ.

ಈ ಪದ್ಧತಿಗೆ ಹೇಳಿ ಮಾಡಿಸಿದ ಎಲೆ ದಾನ್‌ಚೊಂಗ್. ಚಾವ್‌ಝೌ ಬಳಿಯ ಫೆಂಗ್‌ಹುವಾಂಗ್ ಬೆಟ್ಟದಲ್ಲಿ ಬೆಳೆಯುವ ಊಲಾಂಗ್ ಚಹಾ ಇದು, ಅಂದರೆ ಹಸಿರು ಚಹಾಕ್ಕೂ ಕಪ್ಪು ಚಹಾಕ್ಕೂ ನಡುವಿನ ಬಗೆ. ಎಲೆ ಉದ್ದ, ಕಪ್ಪುಗಂದು ಬಣ್ಣ, ಹಗ್ಗದ ಹಾಗೆ ಹೊಸೆದಿರುತ್ತದೆ. ಉದ್ದ ಇರುವುದರಿಂದ ಚಮಚದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಡಿಜಿಟಲ್ ತಕ್ಕಡಿಯಲ್ಲಿ ಏಳು ಗ್ರಾಂ ತೂಗಿ. ಪಾತ್ರೆ ನೂರು ಮಿಲಿಲೀಟರಿನದು. ಅಷ್ಟು ಪುಟ್ಟ ಪಾತ್ರೆಗೆ ಇಷ್ಟು ಎಲೆಯೇ ಎಂದು ಹೊಸಬರು ಗಾಬರಿಯಾಗಿ ಅರ್ಧ ಹಾಕುತ್ತಾರೆ, ಚಹಾ ಸಪ್ಪೆಯಾಗುತ್ತದೆ, ರುಚಿ ಬರಲೆಂದು ಹೆಚ್ಚು ಹೊತ್ತು ನೆನೆಸುತ್ತಾರೆ, ಆಗ ಒಗರೇ ಒಗರು. ಎಲೆ ಜಾಸ್ತಿ, ಹೊತ್ತು ಕಡಿಮೆ: ಗೊಂಗ್‌ಫು ಚಹಾದ ಲೆಕ್ಕ ಇಷ್ಟೇ.

ಚಾವ್‌ಝೌನಲ್ಲಿ ಮಣ್ಣಿನ ಪುಟ್ಟ ಟೀಪಾಟನ್ನೂ ಬಳಸುತ್ತಾರೆ, ಪಿಂಗಾಣಿಯ ಗೈವಾನನ್ನೂ ಬಳಸುತ್ತಾರೆ. ಕಲಿಯುವವರಿಗೆ ಗೈವಾನೇ ಒಳ್ಳೆಯದು. ಮಣ್ಣಿನ ಪಾತ್ರೆ ಪರಿಮಳ ಹೀರುತ್ತದೆ, ಪಿಂಗಾಣಿ ಏನನ್ನೂ ಮುಚ್ಚಿಡುವುದಿಲ್ಲ. ಗೈವಾನಿಗೆ ಮೂರು ಭಾಗ: ಮುಚ್ಚಳ, ಬಟ್ಟಲು, ಕೆಳಗಿನ ತಟ್ಟೆ. ಬಟ್ಟಲಿನ ಅಂಚು ಹೂವಿನ ಎಸಳಿನಂತೆ ಹೊರಕ್ಕೆ ಬಾಗಿರುತ್ತದೆ. ನೀರು ಆ ಬಾಗು ಮುಟ್ಟದಷ್ಟೇ ತುಂಬಬೇಕು. ಹೆಬ್ಬೆರಳು, ನಡುಬೆರಳು ಎದುರುಬದುರಾಗಿ ಅಂಚಿನ ಮೇಲೆ. ತೋರುಬೆರಳು ಮುಚ್ಚಳದ ಗುಬುಟಿನ ಮೇಲೆ. ಕೈ ಸುಡುವುದಕ್ಕೆ ಎರಡೇ ಕಾರಣ: ನೀರು ಅಂಚಿಗೆ ತಾಗಿರುತ್ತದೆ, ಇಲ್ಲವೇ ಬೆರಳು ಕೆಳಕ್ಕೆ, ಹೊಟ್ಟೆಗೆ ಜಾರಿರುತ್ತದೆ. ಮುಚ್ಚಳವನ್ನು ಕೊಂಚ ಓರೆ ಮಾಡಿ ಸಣ್ಣ ಸಂದಿ ಬಿಡಿ. ಸಂದಿ ದೊಡ್ಡದಾದರೆ ಎಲೆ ಸುರಿಯುತ್ತದೆ. ತೀರಾ ಕಿರಿದಾದರೆ ನೀರು ನಿಧಾನವಾಗಿ ಇಳಿಯುತ್ತದೆ, ಅಷ್ಟರಲ್ಲಿ ಒಳಗಿನ ಎಲೆ ಕಹಿ ಬಿಡುತ್ತದೆ. ಬಗ್ಗಿಸುವಾಗ ಅರೆಮನಸ್ಸು ಬೇಡ, ಬಟ್ಟಲನ್ನು ಪೂರ್ತಿ ವಾಲಿಸಿಬಿಡಿ. ಮೊದಲ ಪಾಠದಲ್ಲಿ ಎಲೆಯೂ ಬೇಡ, ಬಿಸಿಯೂ ಬೇಡ. ತಣ್ಣೀರಿನಲ್ಲಿ ಇಪ್ಪತ್ತು ಸಲ ಸುರಿಯಲಿ.

ಕಲಿಸುವವರು ಕ್ಯಾಮೆರಾವನ್ನು ಎದುರಿಗೆ ಇಡುವುದು ರೂಢಿ. ನೋಡುವವರಿಗೆ ಎಡ ಬಲ ಅದಲುಬದಲಾಗುತ್ತದೆ. ಭುಜದ ಹಿಂದಿನಿಂದ, ಮೇಲಿನಿಂದ ಕೆಳಕ್ಕೆ ತೋರಿಸಿದರೆ ಬೆರಳು ಎಲ್ಲಿ ಕೂತಿದೆ ಅನ್ನುವುದು ತಮ್ಮದೇ ಕೈ ನೋಡಿದಷ್ಟು ಸ್ಪಷ್ಟ. ಕೆಲವರು ಅಗರಬತ್ತಿ ಹಚ್ಚಿಟ್ಟು ಪಾಠ ಮಾಡುತ್ತಾರೆ. ದಯವಿಟ್ಟು ಬೇಡ, ಚಹಾದ ಪರಿಮಳವನ್ನು ಅದು ನುಂಗಿಬಿಡುತ್ತದೆ.

ನೀರಿನ ವಿಷಯಕ್ಕೆ ಬರೋಣ. ದಾನ್‌ಚೊಂಗ್‌ಗೆ ಕೊತಕೊತ ಕುದಿಯುವ ನೀರೇ ಆಗಬೇಕು. ಮಂಗಳೂರಿನಲ್ಲಿ ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97ರಲ್ಲೇ ಕುದಿ ಬಂದುಬಿಡುತ್ತದೆ. ಜೊತೆಗೆ ತಣ್ಣನೆಯ ಪಿಂಗಾಣಿ ಇನ್ನೂ ಹತ್ತು ಡಿಗ್ರಿಯಷ್ಟು ಎಳೆದುಕೊಳ್ಳುತ್ತದೆ. ಗೈವಾನನ್ನೂ ಬಟ್ಟಲುಗಳನ್ನೂ ಮೊದಲು ಕುದಿನೀರಿನಲ್ಲಿ ತೊಳೆಯುವುದು ಅದಕ್ಕೇ. ಚಾವ್‌ಝೌನವರು ಒಂದು ಬಟ್ಟಲಿನ ಬಿಸಿನೀರಿನಲ್ಲಿ ಇನ್ನೊಂದನ್ನು ಅಡ್ಡ ನಿಲ್ಲಿಸಿ ಬೆರಳಲ್ಲಿ ಗರಗರ ತಿರುಗಿಸುತ್ತಾರೆ. ತೊಳೆದಂತೆಯೂ ಆಯಿತು, ಕಾಯಿಸಿದಂತೆಯೂ ಆಯಿತು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೇಲೆ ಪೊರೆ ಕಟ್ಟಿ ಬಣ್ಣ ಮಂಕಾಗುತ್ತದೆ. ಲವಣ ಪೂರಾ ತೆಗೆದ ನೀರಿನಲ್ಲಿ ರುಚಿ ಜೊಳ್ಳು. ಎರಡರ ನಡುವಿನದು ನೋಡಿಕೊಳ್ಳಿ.

ಎಲೆ ಹಾಕಿದ ಮೇಲೆ ನೀರನ್ನು ಎತ್ತರದಿಂದ, ಅಂಚಿನ ಸುತ್ತ ಹೊಯ್ಯಬೇಕು. ನಟ್ಟನಡುವಿಗೆ ಹೊಯ್ದರೆ ಎಲೆಯ ರಾಶಿ ಕಲಕಿ ಒಗರು ಏಳುತ್ತದೆ. ಮೇಲೆ ಬರುವ ನೊರೆಯನ್ನು ಮುಚ್ಚಳದ ಅಂಚಿನಿಂದ ಸವರಿ ತೆಗೆಯಿರಿ. ಮೊದಲ ನೀರು ಎಲೆಯನ್ನು ಎಬ್ಬಿಸುವುದಕ್ಕೆ, ಕೂಡಲೇ ಚೆಲ್ಲಿ. ಆಮೇಲಿನ ಮೂರು ಸಲ ಐದೈದು ಸೆಕೆಂಡು ಸಾಕು. ಅಲ್ಲಿಂದ ಮುಂದೆ ಪ್ರತಿ ಸಲ ಐದು ಸೆಕೆಂಡು ಹೆಚ್ಚಿಸುತ್ತಾ ಹೋಗಿ. ಒಳ್ಳೆಯ ಎಲೆ ಎಂಟು ಹತ್ತು ಸಲ ರಸ ಕೊಡುತ್ತದೆ.

ಇನ್ನು ಬಡಿಸುವುದು. ಬಟ್ಟಲು ಮೂರೇ, ಅಂಚಿಗೆ ಅಂಚು ತಾಗಿಸಿ ಇಟ್ಟಿರುತ್ತಾರೆ. ಮೊದಲು ಇಳಿಯುವ ಚಹಾ ತೆಳು, ಕೊನೆಯದು ಗಟ್ಟಿ. ಒಂದೊಂದಾಗಿ ತುಂಬಿದರೆ ಒಬ್ಬರಿಗೆ ನೀರು, ಇನ್ನೊಬ್ಬರಿಗೆ ಕಷಾಯ. ಆದ್ದರಿಂದ ಕೈ ತಗ್ಗಿಸಿ, ಮೂರರ ಮೇಲೂ ನಿಲ್ಲದೆ ಸುತ್ತು ಹೊಡೆಯುತ್ತಾ ಸುರಿಯುತ್ತಾರೆ. ಇದಕ್ಕೆ ‘ಗುವಾನ್ ಗೊಂಗ್‌ನ ನಗರ ಪಹರೆ’ ಎಂದು ಹೆಸರು. ಅವನು ಚೀನಾದವರು ದೇವರೆಂದು ಪೂಜಿಸುವ ವೀರ ಸೇನಾನಿ. ಉಳಿದ ಹನಿಗಳನ್ನು ಬಟ್ಟಲಿಗೊಂದರಂತೆ ತೊಟ್ಟಿಕ್ಕಿಸುವುದು ‘ಹಾನ್ ಶಿನ್‌ನ ಸೈನಿಕರ ಎಣಿಕೆ’. ಹಾನ್ ಶಿನ್ ಕೂಡ ಚೀನಾದ ಹಳೆಯ ಕಾಲದ ಸೇನಾನಿ. ಆ ಹನಿಗಳು ಗೈವಾನಿನಲ್ಲೇ ಉಳಿದರೆ ಮುಂದಿನ ಸರದಿ ಕಹಿಯಾಗುತ್ತದೆ. ಬಟ್ಟಲನ್ನು ಮುಕ್ಕಾಲಿಗಿಂತ ಹೆಚ್ಚು ತುಂಬುವುದಿಲ್ಲ, ಕುಡಿಯುವವರ ಬೆರಳು ಸುಡಬಾರದಲ್ಲ. ಜನ ಐವರಿದ್ದರೂ ಬಟ್ಟಲು ಮೂರೇ. ಹಿರಿಯರು, ಅತಿಥಿಗಳು ಮೊದಲು, ಮಾಡಿಕೊಡುವವರು ಕೊನೆಗೆ. ಸರದಿಯ ನಡುವೆ ಬಟ್ಟಲನ್ನು ಮತ್ತೆ ಕುದಿನೀರಿನಲ್ಲಿ ತಿರುಗಿಸುತ್ತಾರೆ. ಬಡಿಸಿದಾಗ ಎರಡು ಬೆರಳಿಂದ ಮೇಜು ಮೆಲ್ಲಗೆ ತಟ್ಟಿದರೆ ಅದೇ ಕೃತಜ್ಞತೆ. ನಡುವೆ ಹೊಸಬರು ಬಂದರೋ, ಹಳೆಯ ಎಲೆ ತೆಗೆದು ಹೊಸದು ಹಾಕುವುದು ಮರ್ಯಾದೆ.

ಪರದೆಯಲ್ಲಿ ರುಚಿ ಹೇಳಿಕೊಡುವುದಕ್ಕೆ ಒಂದು ದಾರಿ ಇದೆ. ಒಂದೇ ಎಲೆಯ ಏಳು ಗ್ರಾಮಿನ ಪೊಟ್ಟಣಗಳನ್ನು ಎಲ್ಲರಿಗೂ ಮೊದಲೇ ಕಳಿಸಿ. ಪಾಠದ ಹೊತ್ತಿಗೆ ಎಲ್ಲರೂ ಒಟ್ಟಿಗೆ ಸುರಿಯಲಿ, ಸೆಕೆಂಡನ್ನು ಒಬ್ಬರು ಗಟ್ಟಿಯಾಗಿ ಎಣಿಸಲಿ. ಮೊದಲ ಪೊಟ್ಟಣ ಐದು ಸೆಕೆಂಡು, ಎರಡನೆಯದು ಬೇಕೆಂದೇ ಒಂದು ನಿಮಿಷ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕುಡಿದರೆ ಹೊತ್ತು ಏನು ಮಾಡುತ್ತದೆ ಎಂದು ನಾಲಿಗೆಗೇ ತಿಳಿಯುತ್ತದೆ. ನುಂಗಿದ ಮೇಲೆ ಗಂಟಲಿಂದ ಮರಳಿ ಬರುವ ಸಿಹಿಗೆ ಚೀನೀಯರು ‘ಹುಯಿಗಾನ್’ ಅನ್ನುತ್ತಾರೆ. ನಮ್ಮವರಿಗೆ ಅದನ್ನು ವಿವರಿಸುವುದು ಸುಲಭ: ನೆಲ್ಲಿಕಾಯಿ ಜಗಿದು ನೀರು ಕುಡಿದಾಗ ಬರುವ ಸಿಹಿಯಂಥದ್ದು. ದಾನ್‌ಚೊಂಗ್‌ನ ಐದು ಸೆಕೆಂಡಿನ ಬಟ್ಟಲಿನಲ್ಲಿ ಅದು ಸಿಗುತ್ತದೆ, ಒಂದು ನಿಮಿಷದ್ದರಲ್ಲಿ ಒಗರಿನಡಿ ಹೂತುಹೋಗಿರುತ್ತದೆ.

ಎಲ್ಲ ಮುಗಿದ ಮೇಲೆ ಗೈವಾನನ್ನು ಒಂದು ಬಿಳಿ ತಟ್ಟೆಗೆ ಬೋರಲು ಹಾಕಿ, ನೆನೆದ ಒಂದು ಎಲೆಯನ್ನು ಬೆರಳಲ್ಲಿ ಬಿಡಿಸಿ. ನಡುವೆ ಹಸಿರು, ಅಂಚಿನಲ್ಲಿ ಕೆಂಪು ಗೆರೆ. ಕೊಯ್ದ ಎಲೆಯನ್ನು ಬಿದಿರಿನ ಮೊರದಲ್ಲಿ ಕುಲುಕುವಾಗ ಅಂಚು ನಲುಗಿ ಕೆಂಪಾದ ಗುರುತು ಅದು. ಆ ಗೆರೆಯನ್ನು ಎಲ್ಲರೂ ತಂತಮ್ಮ ಕ್ಯಾಮೆರಾಕ್ಕೆ ಹತ್ತಿರ ಹಿಡಿದು ತೋರಿಸಲಿ. ನಮಸ್ಕಾರ.